ದೀರ್ಘವ್ಯಾಧಿಗಳ ಆರೈಕೆಯಲ್ಲಿ ದಾದಿಯ ಸ್ಥಾನ

ರೋಗಗಳಲ್ಲಿ ಬಂದು ಹೋಗುವವು ಕೆಲವು, ಬಂದು ನೆಲೆಸುವವು ಕೆಲವು. ವಿಷಮಶೀತಜ್ವರ, ವಾಂತಿಭೇದಿ, ನ್ಯುಮೋನಿಯಾ ಮೊದಲಾದವು ಮೊದಲನೆಯ ಬಗೆಗೆ ಸೇರಿದವು. ಇವು ಕೆಲವು ದಿನಗಳಲ್ಲಿ ವಾಸಿಯಾಗುತ್ತವೆ, ಇಲ್ಲವೇ ಪ್ರಾಣಕ್ಕೆ ಎರವಾಗುತ್ತವೆ. ಅಲ್ಲಿ ವೈದ್ಯರ ಸಕಾಲಿಕ ನಿರ್ಣಯವೇ ಪ್ರಧಾನವಾದುದು. ರಕ್ತದೊತ್ತಡ, ಮಧುಮೇಹ, ಅಪಸ್ಮಾರ, ಉಬ್ಬಸ, ಮೂತ್ರಪಿಂಡದ ದೌರ್ಬಲ್ಯ ಇವು ಎರಡನೆಯ ಬಗೆಯವು. ಒಮ್ಮೆ ದೇಹವನ್ನು ಹೊಕ್ಕವೆಂದರೆ ಬಹುಮಟ್ಟಿಗೆ ಬಾಳಿನ ಕೊನೆಯವರೆಗೂ ಜೊತೆಗಿರುತ್ತವೆ. ಇಂಥ ರೋಗಿಯೊಬ್ಬನು ತಿಂಗಳಿಗೊಮ್ಮೆ ತಪ್ಪದೆ ವೈದ್ಯರನ್ನು ಕಂಡು ಪ್ರತಿಸಲವೂ 10 ನಿಮಿಷ ಮಾತನಾಡಿದನೆಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ ಅದು 2 ಗಂಟೆಯಾಯಿತು. ವರ್ಷದಲ್ಲಿರುವುದು 8,760 ಗಂಟೆ. ಉಳಿದ 8,758 ಗಂಟೆಗಳ ಕಾಲ ರೋಗವು ಅವನ ಮನೆಯಲ್ಲಿ, ಹೊಲದಲ್ಲಿ, ಊಟದ ತಾಟಿನಲ್ಲಿ ಅವನೊಡನೆ ಇರುತ್ತದೆ. ಆ ಅವಧಿಯಲ್ಲಿ ಅವನ ಬಳಿಗೆ ಬರಬಲ್ಲವರು ಯಾರು? ಈ ಪ್ರಶ್ನೆಗೆ ದೊರೆಯುವ ಉತ್ತರವೇ ಈ ಲೇಖನದ ವಿಷಯ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಿರಿಯರಿಗೆ ನಾರುಹುಣ್ಣಿನ ನೆನಪು ಇನ್ನೂ ಇದ್ದೀತು. ಮೆಟ್ಟಿಲುಬಾವಿಗೆ ಇಳಿದು ತುಂಬಿ ತಂದ ನೀರನ್ನು ಸೋಸದೆ ಕುಡಿದವರ ಕಾಲಿನಿಂದ ತಿಂಗಳುಗಳ ನಂತರ ದಾರದಂಥ ಹುಳು ಹೊರಬೀಳುತ್ತಿತ್ತು. ಅಂದಿನ ಬಿಜಾಪುರ ಜಿಲ್ಲೆಯು ಆ ಪೀಡೆಗೆ ಈಡಾದ ಪ್ರದೇಶಗಳಲ್ಲಿ ಒಂದಾಗಿತ್ತು. ಭಾರತದಲ್ಲಿ ಅದರ ಕಡೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಆ ರೋಗಕ್ಕೆ ಲಸಿಕೆ ಇರಲಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇರಲಿಲ್ಲ. ಊರೂರು ಸುತ್ತಿ, ಮನೆಮನೆಯ ಬಾಗಿಲಿಗೆ ಹೋಗಿ, ನೀರು ಸೋಸುವ ಅರಿವೆಯನ್ನು ಕೊಟ್ಟು, ಬಾವಿಯನ್ನು ತೋರಿಸಿ ತಿಳಿಹೇಳಿದ ಆರೋಗ್ಯ ಕಾರ್ಯಕರ್ತರಿಂದಲೇ ಅದು ತೊಲಗಿತು. ದೊಡ್ಡ ಆಸ್ಪತ್ರೆಗಳು ಮಾಡಲಾರದ ಕೆಲಸವನ್ನು ನಡೆದು ಹೋಗುವ ಕಾಲುಗಳು ಮಾಡಿದ್ದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿಯಾಗಿದೆ.

ಇಂದು ಆ ಸ್ಥಾನಕ್ಕೆ ಬಂದಿರುವ ಪೀಡೆಗಳು ಕಣ್ಣಿಗೆ ಕಾಣುವಂಥವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, ಪ್ರಾಯದವರಲ್ಲಿ ನೂರಕ್ಕೆ 35ರಷ್ಟು ಜನರಿಗೆ ರಕ್ತದೊತ್ತಡವು ಏರಿದೆಯೆಂದೂ ಅಂದಾಜು ಮಾಡಿತು. ಇವು ಪಟ್ಟಣಿಗರ, ಕುಳಿತುಣ್ಣುವವರ ರೋಗಗಳೆಂಬ ಭಾವನೆಯು ಇನ್ನೂ ನಮ್ಮಲ್ಲಿದೆ. ಬಿಳಿಜೋಳದ ರೊಟ್ಟಿ ತಿಂದು, ದಿನವಿಡೀ ಹೊಲದಲ್ಲಿ ದುಡಿಯುವವನಿಗೆ ಸಕ್ಕರೆ ಕಾಯಿಲೆಯೆಲ್ಲಿಂದ ಬಂದೀತು ಎಂದು ಕೇಳುವವರುಂಟು. ಜೋಳದ ರೊಟ್ಟಿ ಒಳ್ಳೆಯ ಆಹಾರವೆಂಬುದು ನಿಜ. ಆದರೆ ರೊಟ್ಟಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಚಟ್ನಿಗಳಲ್ಲಿ ಎಷ್ಟು ಉಪ್ಪಿದೆಯೆಂದು ಲೆಕ್ಕ ಹಾಕಿದವರು ವಿರಳ. ಇಂಡಿಯ ಲಿಂಬೆ ನಾಡಿನಲ್ಲೆಲ್ಲ ಹೆಸರುವಾಸಿ. ಅದರ ಉಪ್ಪಿನಕಾಯಿಯಿಲ್ಲದೆ ಊಟವೇ ಸೇರದವರು ನಮ್ಮಲ್ಲಿ ಬಹಳ. ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಒಂದು ಸಣ್ಣ ಚಮಚೆಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರ ಮೇಲೆ ದಿನಕ್ಕೆ ನಾಲ್ಕಾರು ಸಲ ಸಕ್ಕರೆ ಹಾಕಿದ ಚಹಾ, ಬಾಯಲ್ಲಿ ಸದಾ ತಂಬಾಕು.

ಈ ರೋಗಗಳ ಮುಖ್ಯ ಲಕ್ಷಣವೇನೆಂದರೆ, ಬಹುಕಾಲ ಯಾವ ಲಕ್ಷಣವನ್ನೂ ತೋರದಿರುವುದು. ರಕ್ತನಾಳಗಳಲ್ಲಿ ಒತ್ತಡವು ಏರಿದವನಿಗೆ ನೋವಿಲ್ಲ, ಜ್ವರವಿಲ್ಲ. ಅವನು ಎಂದಿನಂತೆ ನೇಗಿಲು ಹಿಡಿಯುತ್ತಾನೆ, ಸಂತೆಗೆ ಹೋಗುತ್ತಾನೆ. ಆದರೆ ಒಳಗೆ ನಾಳಗಳ ಗೋಡೆಗಳು ಬಿರುಸಾಗುತ್ತ, ಹೃದಯ ಊದಿಕೊಳ್ಳುತ್ತ, ಮೂತ್ರಪಿಂಡದ ನವಿರಾದ ಜಾಲರಿಗಳು ಹಾಳಾಗುತ್ತ ಹೋಗುತ್ತವೆ. ಒಂದು ಬೆಳಗು ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದುಹೋದಾಗ ಮನೆಯವರು ಲಕ್ವಾ ಹೊಡೆಯಿತೆನ್ನುತ್ತಾರೆ. ಅದು ಹೊಡೆದದ್ದು ಅಂದೇ ಇರಬಹುದು. ಬರಲು ಹೊರಟದ್ದು ಹತ್ತು ವರ್ಷಗಳ ಹಿಂದೆ. ಹೀಗಿರುವುದರಿಂದ ರೋಗಿಯು ತಾನಾಗಿ ವೈದ್ಯರಲ್ಲಿಗೆ ಬರಲೆಂದು ಕಾಯುವ ಪದ್ಧತಿಯು ಇಲ್ಲಿ ನಡೆಯದು. ಯಾರಾದರೂ ಅವನನ್ನು ಹುಡುಕಿಕೊಂಡು ಹೋಗಬೇಕು. ಹುಡುಕಿದ ಮೇಲೆ ಬಿಡದೆ ಹಿಡಿದುಕೊಂಡಿರಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ನಮ್ಮ ಕಡೆಯ ಉಪಕೇಂದ್ರಗಳಲ್ಲಿ ಪ್ರತಿನಿತ್ಯ ಕೇಳಬಹುದಾದ ಸಂಭಾಷಣೆಯೊಂದುಂಟು. “ಮುತ್ಯಾ, ಗುಳಿಗಿ ತಗೋಳಾಕತ್ತೀರಿಲ್ಲೊ?” ಎಂದು ದಾದಿ ಕೇಳುತ್ತಾಳೆ. “ಆರಾಮ ಆಗೇದವ್ವಾ, ಅದಕ್ಕ ಬಿಟ್ಟೀನಿ” ಎಂಬುದು ಮುದುಕನ ಉತ್ತರ. ಜ್ವರಕ್ಕೆ ಈ ತರ್ಕವು ಸರಿ. ರಕ್ತದೊತ್ತಡಕ್ಕೆ ಇದೇ ತರ್ಕವು ಪ್ರಾಣಾಪಾಯದ್ದು; ಅವನು ಆರಾಮವಿರುವುದು ಗುಳಿಗೆಯಿಂದಲೇ ಹೊರತು ರೋಗ ಹೋದುದರಿಂದಲ್ಲ. ಈ ಮಾತನ್ನು ಪುಸ್ತಕದ ಭಾಷೆಯಲ್ಲಿ ಹೇಳಿದರೆ ಅವನಿಗೆ ಹತ್ತದು. “ಬಾವಿಗೆ ಕಟ್ಟಿ ಕಟ್ಟಿಸಿದ ಮ್ಯಾಲೆ ಯಾರೂ ಬಿದ್ದಿಲ್ಲ ಅಂತ ಕಟ್ಟಿ ಕಿತ್ತಿ ಒಗೀತೀರೇನು?” ಎಂದು ಕೇಳಬಲ್ಲ ದಾದಿಯ ಮಾತು ಹತ್ತುತ್ತದೆ. ಇದು ಕೇವಲ ಮಾತುಗಾರಿಕೆಯಲ್ಲ, ಚಿಕಿತ್ಸೆಯ ಒಂದು ಭಾಗವೇ ಎಂದು ನಾನು ತಿಳಿದಿದ್ದೇನೆ.

ಇನ್ನು ಅವಳು ಮಾಡುವ ಕೆಲಸವನ್ನು ಸ್ವಲ್ಪ ಸಮೀಪದಿಂದ ನೋಡೋಣ. ರಕ್ತದೊತ್ತಡವನ್ನು ಅಳೆಯುವುದು ಸುಲಭವೆಂದು ತೋರುತ್ತದೆ. ಬಿಸಿಲಲ್ಲಿ ನಡೆದು ಬಂದವನ ತೋಳಿಗೆ ಆ ಕ್ಷಣವೇ ಪಟ್ಟಿ ಸುತ್ತಿದರೆ ಬರುವ ಅಂಕಿಯನ್ನು ನಂಬಲಾಗದು. ಅವನನ್ನು 5 ನಿಮಿಷ ಬೆನ್ನಿಗೆ ಆಸರೆಯಿರುವಂತೆ ಸುಮ್ಮನೆ ಕುಳ್ಳಿರಿಸಬೇಕು. ಅರ್ಧ ಗಂಟೆಯೊಳಗೆ ಚಹಾ ಕುಡಿದಿರಬಾರದು, ತಂಬಾಕು ಹಾಕಿರಬಾರದು. ತೋಳು ಹೃದಯದ ಮಟ್ಟದಲ್ಲಿರಬೇಕು. ಎರಡು ಸಲ ಅಳೆಯಬೇಕು. ಮೇಲಿನ ಅಂಕಿ 140, ಕೆಳಗಿನದು 90, ಇವುಗಳಲ್ಲಿ ಯಾವುದನ್ನಾದರೂ ಮುಟ್ಟಿದ್ದರೆ ಬೇರೊಂದು ದಿನ ಮತ್ತೆ ನೋಡಿ, ಆಗಲೂ ಹಾಗೆಯೇ ಇದ್ದರೆ ವೈದ್ಯರಲ್ಲಿಗೆ ಕಳಿಸಬೇಕು. 180 ಅಥವಾ 110ನ್ನು ಮುಟ್ಟಿದ್ದರೆ ಬೇರೊಂದು ದಿನದ ಮಾತೇ ಇಲ್ಲ, ಅಂದೇ ಕಳಿಸತಕ್ಕದ್ದು. ಅವಸರದಲ್ಲಿರುವ ವೈದ್ಯರ ಕೋಣೆಯಲ್ಲಿ ಈ ನಿಯಮಗಳೆಲ್ಲ ನಡೆಯುವುದು ಅಪರೂಪ.

ಮಧುಮೇಹಿಯ ವಿಷಯದಲ್ಲಿ ಬೆರಳ ತುದಿಯ ರಕ್ತಕ್ಕಿಂತ ಪಾದವೇ ಹೆಚ್ಚು ಹೇಳುತ್ತದೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಏರಿಕೊಂಡಿದ್ದರೆ ಪಾದದ ನರಗಳು ಜೀವಗೆಡುತ್ತವೆ. ಮುಳ್ಳು ಚುಚ್ಚಿದರೂ, ಕಾದ ಕಲ್ಲು ಸುಟ್ಟರೂ ಅರಿವಾಗದು. ಅರಿವಾಗದ ಗಾಯ ಕೊಳೆಯುತ್ತದೆ. ಕೊಳೆತ ಬೆರಳನ್ನು, ಮುಂದೆ ಕಾಲನ್ನೇ ಕತ್ತರಿಸುವ ಪ್ರಸಂಗ ಬರುತ್ತದೆ. ನಮ್ಮ ಭಾಗದಲ್ಲಿ ಇದಕ್ಕೊಂದು ವಿಶೇಷ ಸಂದರ್ಭವುಂಟು. ಯುಗಾದಿಯ ಸುಮಾರಿಗೆ ಇಲ್ಲಿಂದ ಸಹಸ್ರಾರು ಭಕ್ತರು ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆಗೆ ಹೊರಡುತ್ತಾರೆ. ಬಿಸಿಲು 40 ಅಂಶಕ್ಕೆ ಏರುವ ಕಾಲವದು, ಹಲವರದು ಬರಿಗಾಲು. ಹರಕೆ ಹೊತ್ತವನನ್ನು ತಡೆಯುವುದು ದಾದಿಯ ಕೆಲಸವಲ್ಲ. ಹೊರಡುವ ಮುನ್ನ ಅವನ ಪಾದವನ್ನು ನೈಲಾನಿನ ಎಳೆಯಿಂದ ಮುಟ್ಟಿ ಸ್ಪರ್ಶಜ್ಞಾನವಿದೆಯೋ ಇಲ್ಲವೋ ನೋಡಿ, ಇಲ್ಲದವನಿಗೆ ಮೆತ್ತನೆಯ ಪಾದರಕ್ಷೆಯನ್ನು ಒಪ್ಪಿಸಿ, ಪ್ರತಿರಾತ್ರಿ ಅಂಗಾಲನ್ನು ಜೊತೆಗಾರನಿಂದ ನೋಡಿಸಿಕೊಳ್ಳಲು ಹೇಳಿ, ಗುಳಿಗೆಗಳನ್ನು ಕಟ್ಟಿಕೊಡುವುದು ಅವಳ ಕೆಲಸ. ಶ್ರಾವಣದಲ್ಲಿ, ಶಿವರಾತ್ರಿಯಲ್ಲಿ ಉಪವಾಸವಿರುವ ಮಧುಮೇಹಿಗಳ ವಿಚಾರವೂ ಇಂಥದೇ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟವನಿಗೆ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆಗಟ್ಟಿದರೆ ರಕ್ತದ ಸಕ್ಕರೆ ಕುಸಿದಿದೆಯೆಂದೇ ತಿಳಿದು, ಎಚ್ಚರವಿರುವಾಗಲೇ ಬೆಲ್ಲದ ನೀರನ್ನೋ ಸಕ್ಕರೆಯನ್ನೋ ಕೊಡಬೇಕು. ಉಪವಾಸದ ದಿನಕ್ಕೆ ಔಷಧದ ಪ್ರಮಾಣವನ್ನು ಬದಲಿಸಬೇಕೇ ಎಂಬುದನ್ನು ಮೊದಲೇ ವೈದ್ಯರಿಂದ ಕೇಳಿ ತಿಳಿಸಬೇಕು.

ದೀರ್ಘವ್ಯಾಧಿಯನ್ನು ಮನೆಯಲ್ಲಿಯೇ ದಾದಿಯರ ನೆರವಿನಿಂದ ನಿರ್ವಹಿಸಬಹುದೆಂಬುದು ಹೊಸ ವಿಚಾರವಲ್ಲ. ಕ್ಷಯರೋಗಿಗಳನ್ನು ಸ್ಯಾನಟೋರಿಯಮ್ಮುಗಳಲ್ಲಿ ಇರಿಸಿಯೇ ಗುಣಪಡಿಸಬೇಕೆಂಬ ನಂಬಿಕೆ ಜಗತ್ತಿನಲ್ಲೆಲ್ಲ ಇದ್ದ ಕಾಲದಲ್ಲಿ, 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಆರಂಭವಾಯಿತು. ಬಡ ಕುಟುಂಬಗಳ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಮ್ಮಿಗೂ ಕೆಲವರನ್ನು ಔಷಧ ಕೊಟ್ಟು ಅವರ ಮನೆಗೂ ಕಳಿಸಲಾಯಿತು. ಮನೆಯಲ್ಲಿದ್ದವರಲ್ಲಿಗೆ ಆರೋಗ್ಯ ಸಂದರ್ಶಕಿಯರು ಹೋಗಿ, ಔಷಧ ಸರಿಯಾಗಿ ಹೊಟ್ಟೆಗೆ ಬೀಳುತ್ತಿದೆಯೇ ಎಂದು ನೋಡುತ್ತಿದ್ದರು. 1959ರಲ್ಲಿ ಪ್ರಕಟವಾದ ಫಲಿತಾಂಶವು ವೈದ್ಯಲೋಕವನ್ನು ಬೆರಗುಗೊಳಿಸಿತು: ಇಕ್ಕಟ್ಟಾದ ಮನೆಗಳಲ್ಲಿ, ಸಾಧಾರಣ ಊಟದಲ್ಲಿದ್ದವರು ಸ್ಯಾನಟೋರಿಯಮ್ಮಿನಲ್ಲಿದ್ದವರಷ್ಟೇ ಚೆನ್ನಾಗಿ ಗುಣ ಹೊಂದಿದ್ದರು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಗೊಂಡಿತು. ಆ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೊಂದು ಸತ್ಯವನ್ನು ಹೊರಗೆಡಹಿತು. ಹಳ್ಳಿಗರು ಅಜ್ಞಾನದಿಂದ ದವಾಖಾನೆಗೆ ಬರುವುದಿಲ್ಲವೆಂಬ ಮಾತು ಸುಳ್ಳಾಗಿತ್ತು. ಅರ್ಧಕ್ಕಿಂತ ಹೆಚ್ಚು ಕ್ಷಯರೋಗಿಗಳು ಆಗಲೇ ದವಾಖಾನೆಯ ಬಾಗಿಲು ತಟ್ಟಿ, ಕೆಮ್ಮಿನ ಔಷಧ ಪಡೆದು ಮರಳಿದ್ದರು. ರೋಗಿಯು ಬಂದರೂ ವ್ಯವಸ್ಥೆಯು ಅವನನ್ನು ಗುರುತಿಸಿರಲಿಲ್ಲ. ಅರವತ್ತು ವರ್ಷಗಳ ಹಿಂದಿನ ಈ ಪಾಠವನ್ನು ರಕ್ತದೊತ್ತಡಕ್ಕೂ ಮಧುಮೇಹಕ್ಕೂ ನಾವು ಇನ್ನೂ ಪೂರ್ತಿಯಾಗಿ ಅನ್ವಯಿಸಿಕೊಂಡಿಲ್ಲ.

ಹೊರನಾಡುಗಳಲ್ಲಿ ಈ ವಿಚಾರವು ಬೇರೊಂದು ರೂಪ ತಾಳಿತು. 1965ರಲ್ಲಿ ಅಮೇರಿಕೆಯ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಸೇರಿ, ಅನುಭವಿ ದಾದಿಯರಿಗೆ ಹೆಚ್ಚಿನ ಶಿಕ್ಷಣವಿತ್ತು, ತಾವೇ ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆ ನಡೆಸುವಂತೆ ಸಿದ್ಧಗೊಳಿಸುವ ಕ್ರಮವನ್ನು ಆರಂಭಿಸಿದರು. ಇವರಿಗೆ ನರ್ಸ್ ಪ್ರಾಕ್ಟಿಶನರ್ ಎಂದು ಹೆಸರಾಯಿತು. ವೈದ್ಯರು ನೆಲೆಸಲೊಪ್ಪದ ಹಳ್ಳಿಗಾಡಿನ ಮಕ್ಕಳಿಗಾಗಿ ಹುಟ್ಟಿದ ಈ ಪದ್ಧತಿಯು ಕ್ರಮೇಣ ದೀರ್ಘವ್ಯಾಧಿಗಳ ಆರೈಕೆಗೂ ಹಬ್ಬಿತು. ಇಂಗ್ಲೆಂಡಿನಲ್ಲಿ 2006ರಿಂದ ಅರ್ಹತೆ ಪಡೆದ ದಾದಿಯರು ಬಹುತೇಕ ಔಷಧಗಳನ್ನು ಸ್ವತಂತ್ರವಾಗಿ ಬರೆದುಕೊಡಬಲ್ಲರು. ಇದರಿಂದ ರೋಗಿಗಳಿಗೆ ಹಾನಿಯಾಗಲಿಲ್ಲವೇ ಎಂಬ ಶಂಕೆ ಸಹಜ. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2018ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿ, ತರಬೇತಾದ ದಾದಿಯರು ನಡೆಸಿದ ಪ್ರಾಥಮಿಕ ಚಿಕಿತ್ಸೆಯ ಫಲವು ವೈದ್ಯರದಕ್ಕೆ ಸರಿಸಮವಾಗಿಯೋ ತುಸು ಮೇಲಾಗಿಯೋ ಇರುವುದು ಸಂಭವನೀಯವೆಂದೂ, ರೋಗಿಗಳಿಗೆ ಹೆಚ್ಚು ಸಮಾಧಾನವೆಂದೂ ಕಂಡುಕೊಂಡಿತು. ಆದರೆ ಆ ಪ್ರಯೋಗಗಳು ಬಹುಪಾಲು ಸಿರಿವಂತ ದೇಶಗಳಲ್ಲಿ ನಡೆದವು; ಅಲ್ಲಿಯ ದಾದಿಗೆ ಔಷಧದ ಕಪಾಟು ಬರಿದಾಗುವ ಚಿಂತೆಯಿಲ್ಲ.

ನಮ್ಮ ದೇಶದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು 2016ರಲ್ಲಿ ತೀವ್ರ ನಿಗಾ ಚಿಕಿತ್ಸೆಗೆ ಸಂಬಂಧಿಸಿದಂತೆ ನರ್ಸ್ ಪ್ರಾಕ್ಟಿಶನರ್ ಶಿಕ್ಷಣಕ್ರಮವನ್ನು ರೂಪಿಸಿತು. ಬಳಿಕ ಹೆರಿಗೆಯ ವಿಭಾಗಕ್ಕೂ ಅಂಥದೊಂದು ಬಂದಿತು. ದೀರ್ಘವ್ಯಾಧಿಯ ಕ್ಷೇತ್ರದಲ್ಲಿ ಅದಕ್ಕೆ ಸಮೀಪವಾದುದು ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆ. 1973ರ ಕರ್ತಾರ್ ಸಿಂಗ್ ಸಮಿತಿಯ ವರದಿಯ ತರುವಾಯ ನಮ್ಮ ಹಳ್ಳಿಗಳ ನರ್ಸಬಾಯಿಯು ವಿವಿಧೋದ್ದೇಶ ಕಾರ್ಯಕರ್ತೆಯಾದಳು; ಅವಳ ಮುಖ್ಯ ಕಾರ್ಯವು ಬಸಿರು, ಬಾಣಂತನ, ಲಸಿಕೆ, ಕುಟುಂಬ ಯೋಜನೆಗಳಾಗಿದ್ದವು. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾರ್ಪಡಿಸಲು ಆರಂಭಿಸಿದಾಗ, ಸುಮಾರು 5,000 ಜನಸಂಖ್ಯೆಗೆ ಒಂದರಂತೆ ಇರುವ ಈ ಕೇಂದ್ರಗಳಿಗೆ ನರ್ಸಿಂಗ್ ಪದವಿಯನ್ನೋ ಡಿಪ್ಲೊಮಾವನ್ನೋ ಪಡೆದು, ಸಮುದಾಯ ಆರೋಗ್ಯದಲ್ಲಿ ವಿಶೇಷ ತರಬೇತಿ ಹೊಂದಿದವರನ್ನು ನೇಮಿಸತೊಡಗಿದರು. ಇವರಲ್ಲಿ ಪುರುಷರೂ ಉಂಟು. ಈ ಲೇಖನದಲ್ಲಿ ದಾದಿ ಎಂದಲ್ಲೆಲ್ಲ ಅವರನ್ನೂ ಸೇರಿಸಿಕೊಳ್ಳತಕ್ಕದ್ದು. ಆಶಾ ಕಾರ್ಯಕರ್ತೆಯು ಮನೆಮನೆಗೆ ಹೋಗಿ 30 ವರ್ಷ ದಾಟಿದವರ ಪಟ್ಟಿ ಮಾಡಿ ಕೇಂದ್ರಕ್ಕೆ ಕರೆತರುತ್ತಾಳೆ. ಅಲ್ಲಿ ರಕ್ತದೊತ್ತಡ, ಸಕ್ಕರೆ, ಬಾಯಿಯ ಹುಣ್ಣು, ಸ್ತನದ ಗಂಟು ಮೊದಲಾದವುಗಳ ತಪಾಸಣೆಯಾಗುತ್ತದೆ. ರೋಗವನ್ನು ನಿರ್ಧರಿಸಿ ಔಷಧವನ್ನು ಆರಂಭಿಸುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಆಮೇಲೆ ತಿಂಗಳು ತಿಂಗಳು ಗುಳಿಗೆ ಕೊಡುವುದು, ಅಳೆಯುವುದು, ತೊಂದರೆ ಕಂಡರೆ ದೂರವಾಣಿಯ ಮೂಲಕ ವೈದ್ಯರನ್ನು ಕೇಳುವುದು ದಾದಿಯ ಪಾಲಿನದು. ಕರ್ನಾಟಕ ಸರಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯೂ ಇದೇ ದಾರಿಯದು.

ಈ ವ್ಯವಸ್ಥೆಯ ಅಗತ್ಯ ನಮಗೆಷ್ಟಿದೆಯೆಂಬುದು ಭೂಪಟವನ್ನು ನೋಡಿದರೆ ತಿಳಿದೀತು. ವಿಜಯಪುರ ನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯಗಳು ಅಲ್ಲಿ ಆರಂಭಗೊಂಡವು. ಆದರೆ ನಮ್ಮ ನಾಲ್ಕು ತಾಲೂಕಾ ಸ್ಥಳಗಳು ಆ ನಗರದಿಂದ ಸುಮಾರು 40ರಿಂದ 80 ಕಿಲೋಮೀಟರ್ ದೂರದಲ್ಲಿವೆ. ಭೀಮೆಯ ದಂಡೆಯ ಹಳ್ಳಿಗಳೂ, ದೋಣಿ ಉಕ್ಕಿದಾಗ ರಸ್ತೆ ಕಡಿಯುವ ಊರುಗಳೂ ಇನ್ನೂ ಆಚೆಗೆ. ಒಂದು ಪಟ್ಟಿ ಗುಳಿಗೆಗಾಗಿ ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳುವವನು ಮೂರನೆಯ ತಿಂಗಳಿಗೆ ಬರುವುದನ್ನು ಬಿಡುತ್ತಾನೆ. ಅವನನ್ನು ದೂಷಿಸಿ ಫಲವಿಲ್ಲ.

ಅತ್ಯಂತ ಕಠಿಣವಾದ ಸಮಸ್ಯೆ ಗುಳೆ ಹೋಗುವವರದು. ಹಿಂಗಾರಿಯ ಭರವಸೆಯಿಲ್ಲದ ಕುಟುಂಬಗಳು, ವಿಶೇಷವಾಗಿ ತಾಂಡಾಗಳ ಜನರು, ಕಬ್ಬು ಕಡಿಯಲೂ ಕಟ್ಟಡದ ಕೆಲಸಕ್ಕೂ ಮಹಾರಾಷ್ಟ್ರಕ್ಕೋ ಗೋವೆಗೋ ಹೊರಟುಬಿಡುತ್ತಾರೆ. ದಾದಿಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಆರು ತಿಂಗಳು ಬರಿಯ ಗೆರೆ. ಗುಳಿಗೆ ನಿಂತ ಈ ಆರು ತಿಂಗಳಲ್ಲಿಯೇ ಲಕ್ವಾ, ಹೃದಯಾಘಾತಗಳಿಗೆ ಎಡೆಯಾಗುತ್ತದೆ. ಊರಲ್ಲಿ ಉಳಿದ ಮುದುಕರ ಸ್ಥಿತಿಯೂ ಸುಖದ್ದಲ್ಲ, ಅವರನ್ನು ಕೇಂದ್ರಕ್ಕೆ ಕರೆತರುವ ಮಕ್ಕಳೇ ಊರಲ್ಲಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ತಿಂಗಳಿಗೊಮ್ಮೆ ಬಂದು ಔಷಧ ಪಡೆಯಬೇಕೆಂಬ ನಿಯಮವನ್ನು ಮಾಡಿದವರ ಮನಸ್ಸಿನಲ್ಲಿ ಒಂದೇ ಊರಲ್ಲಿ ವರ್ಷವಿಡೀ ಇರುವ ರೋಗಿಯಿದ್ದಾನೆ. ಸ್ಥಿತಿ ಹತೋಟಿಯಲ್ಲಿರುವ ರೋಗಿಯು ಗುಳೆ ಹೊರಡುವಾಗ, ವೈದ್ಯರ ಒಪ್ಪಿಗೆಯಿಂದ ಎರಡು ಮೂರು ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಡುವ ಅಧಿಕಾರವು ದಾದಿಗೆ ಇರಬೇಕು. ಕೊಡಲು ಕಪಾಟಿನಲ್ಲಿ ಅಷ್ಟು ಗುಳಿಗೆಯೂ ಇರಬೇಕು. ಆಮ್ಲೊಡಿಪಿನ್, ಮೆಟ್‌ಫಾರ್ಮಿನ್ ಇವು ದುಬಾರಿ ಔಷಧಗಳಲ್ಲ. ಒಬ್ಬನನ್ನು ಲಕ್ವಾದಿಂದ ಮೇಲೆತ್ತಲು ಮನೆಯವರು ಮಾಡುವ ಸಾಲದ ಮುಂದೆ ಅವುಗಳ ಬೆಲೆ ಏನೂ ಅಲ್ಲ.

ಇನ್ನೊಂದು ಮಾತು. ಮೇಲಿನವರಿಗೆ ಲೆಕ್ಕ ಬೇಕು. ಎಷ್ಟು ಜನರ ತಪಾಸಣೆಯಾಯಿತು ಎಂಬ ಅಂಕಿಯನ್ನು ತುಂಬಿ ಕಳಿಸುವುದರಲ್ಲೇ ದಾದಿಯ ಅರ್ಧ ದಿನ ಕಳೆಯುತ್ತದೆ. ತಪಾಸಣೆಯಾದವರಲ್ಲಿ ಒಂದು ವರ್ಷದ ನಂತರವೂ ಗುಳಿಗೆ ನುಂಗುತ್ತಿರುವವರೆಷ್ಟು, ಅವರಲ್ಲಿ ಒತ್ತಡವು 140–90ರ ಕೆಳಗೆ ಇಳಿದವರೆಷ್ಟು ಎಂಬುದೇ ನಿಜವಾದ ಲೆಕ್ಕ. ಅದನ್ನು ಕೇಳತೊಡಗಿದರೆ ಕೆಲಸದ ಸ್ವರೂಪವೇ ಬದಲಾದೀತು. ಗುತ್ತಿಗೆಯ ಮೇಲೆ ನೇಮಕಗೊಂಡ ದಾದಿಯು ಊರಿನ ಜನರ ಹೆಸರು, ಮನೆ, ಸ್ವಭಾವಗಳನ್ನು ಅರಿಯುವಷ್ಟರಲ್ಲಿ ಬಿಟ್ಟು ಹೋಗುವಂತಾದರೆ ರೋಗಿಯು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ದೀರ್ಘವ್ಯಾಧಿಗೆ ದೀರ್ಘಕಾಲ ಇರುವ ದಾದಿಯೇ ಬೇಕು.

ದಾದಿಯ ಅಧಿಕಾರವನ್ನು ಹೆಚ್ಚಿಸಬೇಕೆನ್ನುವಾಗ ಅದರ ಮೇರೆಯನ್ನೂ ಹೇಳಬೇಕು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 32ನೆಯ ಪ್ರಕರಣವು ವೈದ್ಯರಲ್ಲದ ಆರೋಗ್ಯ ಕಾರ್ಯಕರ್ತರಿಗೆ ಪ್ರಾಥಮಿಕ ಚಿಕಿತ್ಸೆಯಲ್ಲಿ ಗೊತ್ತುಪಡಿಸಿದ ಕೆಲವು ಔಷಧಗಳನ್ನು ಬರೆಯಲು ಸೀಮಿತ ಪರವಾನಿಗೆ ನೀಡುವ ಅವಕಾಶ ಕಲ್ಪಿಸಿದಾಗ ವೈದ್ಯರ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಆ ಆತಂಕವನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕಲಾಗದು. ಎದೆನೋವು, ಉಸಿರು ಕಟ್ಟುವುದು, ಬಸುರಿಯ ರಕ್ತದೊತ್ತಡ, ಮೂರು ಗುಳಿಗೆಗೂ ಇಳಿಯದ ಒತ್ತಡ, ಮೂತ್ರದಲ್ಲಿ ಪ್ರೋಟೀನು ಕಾಣುವುದು ಇವು ವೈದ್ಯರೇ ನೋಡಬೇಕಾದವು. ಇಂಥವರನ್ನು ತಡಮಾಡದೆ ಕಳಿಸಿಕೊಡುವುದು ಒಳ್ಳೆಯ ದಾದಿಯ ಜಾಣತನದ ಗುರುತು. ಲಕ್ವಾದ ವಿಷಯದಲ್ಲಂತೂ ಗಳಿಗೆ ಗಳಿಗೆಯೂ ಅಮೂಲ್ಯ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ತಲೆಯ ಸ್ಕ್ಯಾನ್ ಮಾಡಿದ ಬಳಿಕ ಕೊಡಬೇಕು. ನಾಟಿ ಔಷಧಕ್ಕೆಂದು ರೋಗಿಯನ್ನು ಎಲ್ಲಿಗೋ ಹೊತ್ತೊಯ್ಯುವಲ್ಲಿ ಆ ಅವಧಿ ಮುಗಿದುಹೋಗುತ್ತದೆ. ಮುಖ ಓರೆಯಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡತಕ್ಕದ್ದು.

ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿ ವಿದ್ಯಾರ್ಥಿನಿಯರ ಮನೆಗಳಲ್ಲಿಯೂ ಮುತ್ಯಾ, ಆಯಿಯರು ಇದ್ದಾರೆ. ಅವರಲ್ಲಿ ಹಲವರಿಗೆ ಗುಳಿಗೆಯ ಪಟ್ಟಿಯ ಮೇಲಿನ ಅಕ್ಷರ ಓದಲು ಬಾರದು. ಮುಂಜಾನೆಯದು ಯಾವುದು, ರಾತ್ರಿಯದು ಯಾವುದು ಎಂದು ಬಣ್ಣದ ಮೇಲೆ ಗುರುತಿಟ್ಟಿರುತ್ತಾರೆ. ಈ ಸಲ ಬಿಳಿಯದಿದ್ದ ಗುಳಿಗೆ ಮುಂದಿನ ಸಲ ಬೇರೆ ಕಂಪನಿಯದಾಗಿ ಕೆಂಪಗೆ ಬಂದರೆ ಅವರ ಲೆಕ್ಕ ತಪ್ಪುತ್ತದೆ; ಎರಡೂ ಒಂದೇ ಔಷಧವೆಂದು ತಿಳಿಯದೆ ಎರಡನ್ನೂ ನುಂಗಿದವರುಂಟು. ವಾರಕ್ಕೊಮ್ಮೆ ಕುಳಿತು ಅವರ ಗುಳಿಗೆಗಳನ್ನು ಹೊತ್ತಿಗೆ ತಕ್ಕಂತೆ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿಡುವ ಕೆಲಸವನ್ನು ಎಂಟನೆಯ ತರಗತಿಯ ಬಾಲಕಿಯೂ ಮಾಡಬಲ್ಲಳು. ದಾದಿಯು ಕೊಟ್ಟ ಚೀಟಿಯಲ್ಲಿ ಮುಂದಿನ ತಾರೀಖು, ಒತ್ತಡದ ಎರಡು ಅಂಕಿಗಳು, ಔಷಧದ ಹೆಸರು ಇರುತ್ತವೆ. ಗುಳೆ ಹೊರಡುವ ಮನೆಯವರ ಗಂಟಿನಲ್ಲಿ ಆಧಾರ ಚೀಟಿಯ ಜೊತೆಗೆ ಇದನ್ನೂ ಕಟ್ಟಿಕೊಟ್ಟರೆ, ಪರಊರಿನ ಸರಕಾರಿ ದವಾಖಾನೆಯಲ್ಲಿ ಅದನ್ನು ತೋರಿಸಿ ಅದೇ ಗುಳಿಗೆಯನ್ನು ಕೇಳಬಹುದು.